ನೀರಿನಲ್ಲಿ ಅಳೆದ ತೊಗರಿ

ಹೋದ ತಿಂಗಳು ಪರೀಕ್ಷೆಯ ಕೆಲಸಕ್ಕೆಂದು ಭಾಲ್ಕಿಗೆ ಹೋಗಿದ್ದೆ. ರೈಲು ಇಳಿದು ಮಾರುಕಟ್ಟೆಯ ಕಡೆ ನಾಲ್ಕು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಹೊಸ ತೊಗರಿಯ ವಾಸನೆ ಮೂಗಿಗೆ ಬಡಿಯಿತು. ಒಣಹೊಟ್ಟು, ಗೋಣಿಚೀಲ, ಬಿಸಿಲಿಗೆ ಕಾದ ಧೂಳು ಎಲ್ಲ ಕಲೆತ ವಾಸನೆ. ನನಗೆ ಇದು ಬಂದರೆ ಮೊದಲು ಸಾಲಾಗಿ ನಾಲ್ಕು ಸೀನು ಬರುತ್ತವೆ, ಆಮೇಲೆ ವಸುಧಾ ಮೇಡಂ ನೆನಪಾಗುತ್ತಾರೆ. ಅವತ್ತೂ ಹಾಗೇ ಆಯಿತು. ಆಟೋದವನು ಎರಡು ಸಲ ಕರೆದರೂ ಕೇಳಿಸಿಕೊಳ್ಳದೆ ಒಂದು ಕಾಳಿನ ಅಂಗಡಿಯ ಮುಂದೆ ಸುಮ್ಮನೆ ನಿಂತುಬಿಟ್ಟೆ.

ಹತ್ತು ಹನ್ನೆರಡು ವರ್ಷದ ಹಿಂದಿನ ಒಂದು ತೊಗರಿ ಸುಗ್ಗಿಯ ಮಾತು ಇದು. ಆಗ ನಾನು ವಿಜ್ಞಾನದ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದೆ, ವಸುಧಾ ಮೇಡಂ ನನ್ನ ಮಾರ್ಗದರ್ಶಕರು. ಮೈಸೂರು ಸೀಮೆಯವರು. ಸಣಕಲು ಮೈ, ಹತ್ತಿಯ ಸೀರೆ, ಹೆಗಲಿಗೆ ಒಂದು ಭಾರವಾದ ಚೀಲ. ವಿಜ್ಞಾನ ಎಂದರೆ ಬರೀ ಗ್ರಹ ನಕ್ಷತ್ರ ಅಲ್ಲ, ಕಾಳು ಅಳೆಯುವ ಕೈಯಲ್ಲೂ ಅದು ಇದೆ ಎನ್ನುವುದು ಅವರ ವಾದ. ಕಿಲೋ ಬರುವ ಮುಂಚೆ ನಮ್ಮ ಬೀದರ, ಭಾಲ್ಕಿ, ಔರಾದ ಕಡೆಯ ಜನ ಯಾವ ಅಳತೆಯಲ್ಲಿ ಕಾಳು ಕೊಟ್ಟು ತೆಗೆದುಕೊಳ್ಳುತ್ತಿದ್ದರು ಎಂಬುದನ್ನು ಹುಡುಕಲು ಅವರು ಬೀದರಿನಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ನನಗೋ ಅದು ಹುಟ್ಟಿದ ಊರು. ಚರ್ಚಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ, ಅಮ್ಮ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಮನೆಯ ಊಟ ತಿಂದುಕೊಂಡು ಸಂಶೋಧನೆ ಮಾಡುವ ಭಾಗ್ಯ ಯಾರಿಗುಂಟು ಎಂದು ಗೆಳತಿಯರು ಛೇಡಿಸುತ್ತಿದ್ದರು.

ನಮ್ಮ ಕೆಲಸದ ನಾಯಕ ಪಾಯಲಿ. ನಾಲ್ಕು ಸೇರು ಹಿಡಿಯುವ ಕಬ್ಬಿಣದ ಡಬ್ಬಿಯಂಥದ್ದು. ಹಳ್ಳಿಯ ಮನೆಗಳಲ್ಲಿ ಅದು ಈಗಲೂ ಉಂಟು, ಮಾರುಕಟ್ಟೆಗೆ ಹೋಗುವ ಕಾಳು ಕಿಲೋದಲ್ಲಿ ತೂಗಿದರೂ ಮನೆಯೊಳಗಿನ ಕಾಳು ಪಾಯಲಿಯಲ್ಲೇ. ಎರಡು ವರ್ಷ ನಾವು ಊರೂರು ಅಲೆದು ಪಾಯಲಿ ಅಳೆದೆವು. ಹೇಗೆ ಅಳೆದೆವು ಎನ್ನುವುದನ್ನು ಈಗ ಹೇಳಲು ನಾಚಿಕೆ. ಮೇಡಂ ಚೀಲದಿಂದ ಗೆರೆ ಹಾಕಿದ ಗಾಜಿನ ಜಾಡಿ ತೆಗೆಯುತ್ತಿದ್ದರು. ನಾನು ಪಾಯಲಿಯ ಒಳಗೆ ಮೊಳೆ ಬಡಿದ ಕಡೆಯೆಲ್ಲ ಮೇಣ ಮೆತ್ತುತ್ತಿದ್ದೆ, ಇಲ್ಲದಿದ್ದರೆ ಸೋರುತ್ತಿತ್ತು. ಆಮೇಲೆ ಅದರ ತುಂಬ ನೀರು ಹುಯ್ದು, ಆ ನೀರನ್ನು ಜಾಡಿಗೆ ಸುರಿದು, ಎಷ್ಟು ಎಂದು ಬರೆದುಕೊಳ್ಳುತ್ತಿದ್ದೆವು. ಸುತ್ತ ನಿಂತವರು ಮುಸಿಮುಸಿ ನಗುತ್ತಿದ್ದರು. ಸೋರುವ ಡಬ್ಬಿಗೆ ಮೇಣ ಮೆತ್ತಿ ನೀರು ತುಂಬುವಾಗಲಾದರೂ ನಮಗೆ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಸಿಕ್ಕ ಲೆಕ್ಕ ವಿಚಿತ್ರವಾಗಿತ್ತು. ಹೆಸರು ಎಲ್ಲ ಕಡೆ ಪಾಯಲಿಯೇ, ಆದರೆ ಒಂದರಂತೆ ಇನ್ನೊಂದು ಇಲ್ಲ. ಸಂತಪುರದ ಕಡೆಯವು ಉದ್ದ, ಬಾಯಿ ಸಣ್ಣದು. ಭಾಲ್ಕಿ ಕಡೆಯವು ಗಿಡ್ಡ, ಬಾಯಿ ಅಗಲ. ಉದ್ದನೆಯದರಲ್ಲಿ ನೀರು ಹೆಚ್ಚು, ಗಿಡ್ಡದರಲ್ಲಿ ಒಂದು ದೊಡ್ಡ ಕಪ್ಪಿನಷ್ಟು ಕಡಿಮೆ. ಮೇಡಂ ಇದನ್ನೇ ಲೇಖನ ಮಾಡಿ ಒಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಈ ಸೀಮೆಯಲ್ಲಿ ಅಳತೆಗೆ ಒಂದು ಪ್ರಮಾಣ ಎಂಬುದೇ ಇರಲಿಲ್ಲ, ಊರಿಗೊಂದು ಪಾಯಲಿ, ಬಲವಿದ್ದವನ ಪಾಯಲಿ ಗೆಲ್ಲುತ್ತಿತ್ತು ಎಂದು ಅದರ ತಾತ್ಪರ್ಯ. ಓದಿದಾಗ ನನ್ನೂರಿನ ಬಗ್ಗೆ ಹೀಗೆ ಬರೆದಿದ್ದಾರಲ್ಲ ಎಂದು ಬೇಸರವಾಯಿತು. ಆದರೆ ಜಾಡಿ ಸುಳ್ಳು ಹೇಳುವುದಿಲ್ಲವಲ್ಲ ಎಂದು ನುಂಗಿಕೊಂಡೆ. ನನ್ನ ಪ್ರಬಂಧದ ಮುಖ್ಯ ಅಧ್ಯಾಯವನ್ನೂ ಅದೇ ಅಡಿಪಾಯದ ಮೇಲೆ ಕಟ್ಟಿದೆ. ಮೇಡಂ ಮುಂದಿನ ಮೇ ತಿಂಗಳಿಗೆ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ನಾನು ಪ್ರಬಂಧ ಸಲ್ಲಿಸಬೇಕು. ಇಲ್ಲದಿದ್ದರೆ ಬೇರೆ ಮಾರ್ಗದರ್ಶಕರ ಬಾಗಿಲು ತಟ್ಟಬೇಕು. ನಮ್ಮ ವಿಭಾಗದಲ್ಲಿ ಪಾಯಲಿಯ ಹೆಸರೆತ್ತಿದರೆ ನಗದವರು ಮೇಡಂ ಒಬ್ಬರೇ.

ಆ ವರ್ಷ ಚಳಿ ಜೋರಾಗಿತ್ತು. ಬೆಳಗಿನ ಔರಾದ ಬಸ್ಸಿನ ಕಿಟಕಿ ಮುಚ್ಚುತ್ತಲೇ ಇರಲಿಲ್ಲ, ನಾವಿಬ್ಬರೂ ಒಂದೇ ಶಾಲು ಹೊದ್ದು ಸಂತಪುರಕ್ಕೆ ಹೋಗುತ್ತಿದ್ದೆವು. ಅಲ್ಲಿ ನಮಗೆ ಆಸರೆ ನೀಲಮ್ಮ. ಅರವತ್ತು ದಾಟಿದ ಒಕ್ಕಲುತನದ ಹೆಂಗಸು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಯಾವಾಗಲೂ ಒಂದು ತಮಾಷೆ. ಎಳ್ಳಮಾವಾಸ್ಯೆಯ ದಿನ ನಮ್ಮಿಬ್ಬರನ್ನೂ ಹೊಲಕ್ಕೆ ಎಳೆದುಕೊಂಡು ಹೋಗಿ, ತೊಗರಿ ಸಾಲಿನ ಪಕ್ಕದಲ್ಲಿ ಕೂಡಿಸಿ, ಸಜ್ಜೆ ಕಡುಬು, ಭಜ್ಜಿ, ಅಂಬಲಿ ಬಡಿಸಿದ್ದಳು. ಮೇಡಂ ಸಾಕು ಎಂದು ಕೈ ಅಡ್ಡ ಹಿಡಿದರೆ, "ಮೈಸೂರ ಹೊಟ್ಟಿ ಇಷ್ಟ ಸಣ್ಣದೇನ್ರಿ ಮೇಡಂ? ಅದನೂ ನೀರಾಗ ಅಳದ್ ಬಂದೀರಿ ಏನ?" ಎಂದಳು. ಮೇಡಂ ನಗುತ್ತಾ ಇನ್ನೊಂದು ಕಡುಬು ಹಾಕಿಸಿಕೊಂಡರು.

ಮೂರು ವಾರ ಕಳೆದು ತೊಗರಿ ರಾಶಿ ಆಯಿತು. ಮೇಡಂಗೆ ಶೀತ ಹಿಡಿದಿತ್ತು, ನಾನೊಬ್ಬಳೇ ಸಂತಪುರಕ್ಕೆ ಹೋದೆ. ನೀಲಮ್ಮನ ಅಂಗಳದಲ್ಲಿ ಕಾಳಿನ ಪಾಲು ನಡೆದಿತ್ತು. ನೀಲಮ್ಮನ ಗಂಡ, ಮೈದುನ ಬೇರೆ ಬೇರೆ ಒಲೆ ಹೂಡಿದ್ದರೂ ಹೊಲ ಕೂಡಿಯೇ ಮಾಡುತ್ತಿದ್ದರು, ಬೆಳೆ ಸಮಪಾಲು. ಅಳೆಯುವವರು ಮನೆಯ ಹೆಂಗಸರು, ಅದೂ ಅವರವರ ಪಾಯಲಿಯಲ್ಲಿ. ಈ ಕಡೆ ನೀಲಮ್ಮನ ಉದ್ದನೆಯ ಪಾಯಲಿ, ಆ ಕಡೆ ಮೈದುನನ ಹೆಂಡತಿ ಸುಮಿತ್ರಾ ಭಾಲ್ಕಿಯ ತವರಿನಿಂದ ತಂದ ಗಿಡ್ಡ ಪಾಯಲಿ. ಇಬ್ಬರೂ ಒಂದೇ ರಾಶಿಯಿಂದ ಒಟ್ಟಿಗೇ ತುಂಬುತ್ತಾರೆ, ಒಟ್ಟಿಗೇ ತಮ್ಮ ಚೀಲಕ್ಕೆ ಸುರಿಯುತ್ತಾರೆ. ಮೊದಲನೆಯದಕ್ಕೆ ಒಂದು ಎನ್ನದೆ ಲಾಭ ಎನ್ನುತ್ತಾರೆ, ಆಮೇಲೆ ಎರಡು, ಮೂರು.

ಆ ಎರಡೂ ಪಾಯಲಿಗಳನ್ನು ನವೆಂಬರಿನಲ್ಲಿ ಅದೇ ಅಂಗಳದಲ್ಲಿ ನಾನೇ ನೀರು ಹುಯ್ದು ಅಳೆದಿದ್ದೆ. ಸುಮ್ಮನೆ ಕೂತು ನೋಡಬೇಕಿತ್ತು. ನನ್ನ ಹಾಳು ಬುದ್ಧಿ, ಮೂಗು ತೂರಿಸಿದೆ.

"ನಿಲ್ರಿ ಅಕ್ಕಾ, ಜರಾ ನಿಲ್ರಿ. ಸುಮಿತ್ರಕ್ಕಾರ ಪಾಯಲಿ ಸಣ್ಣದದ. ನಾ ಅಳದ್ ನೋಡೀನಿ. ಒಂದೊಂದು ಪಾಯಲಿಗಿ ಒಂದ್ ದೊಡ್ಡ ಕಪ್ ಚಹಾದಷ್ಟು ಕಮ್ಮಿ ಬೀಳ್ತದ ಅವ್ರಿಗಿ."

ಸುಮಿತ್ರಾಳ ಕೈ ಅಲ್ಲೇ ನಿಂತಿತು. "ಖರೇನ?" ಎಂದು ನನ್ನನ್ನೂ ನೀಲಮ್ಮನನ್ನೂ ನೋಡಿದಳು. "ಲಗ್ನ ಆಗಿ ಬಂದಾಗಿಂದ ಹಿಂಗೇ ಪಾಲ ಮಾಡ್ಕೋತೇವಿ. ಹಂಗಾದ್ರ ಇಷ್ಟ ವರ್ಷ ನಮಗ ಕಮ್ಮಿ ಬಂದದೇನ?" ಚೀಲದ ಬಾಯಿ ಹೊಲಿಯುತ್ತಿದ್ದ ಅವಳ ಗಂಡ ದಬ್ಬಣ ಕೆಳಗಿಟ್ಟ. ನೀಲಮ್ಮನ ಗಂಡ ಗಂಟಲು ಸರಿಮಾಡಿಕೊಂಡ. ಎರಡು ಒಲೆಯಾದರೂ ಒಂದು ಜಗಳ ಕಾಣದ ಮನೆಗೆ ನಾನು ಬೆಂಕಿ ಇಟ್ಟಿದ್ದೆ.

ನೀಲಮ್ಮ ಸಿಟ್ಟಾಗಲಿಲ್ಲ. ತನ್ನ ಪಾಯಲಿಯನ್ನು ರಾಶಿಗೆ ಒತ್ತಿ ತುಂಬಿದಳು. ಬಾಯಿಯ ಮಟ್ಟಕ್ಕೆ ಬಂದ ಮೇಲೆ ಎರಡೂ ಕೈಯಿಂದ ಕಾಳು ಸುರಿಯುತ್ತಾ ಹೋದಳು, ಮೇಲೆ ಚೂಪಾದ ಗುಡ್ಡ ನಿಂತು ಕಾಳು ಅಂಚಿನಿಂದ ಉರುಳತೊಡಗುವ ತನಕ. ಆಮೇಲೆ ಅಷ್ಟನ್ನೂ ಸುಮಿತ್ರಾಳ ಪಾಯಲಿಗೆ ಹುಯ್ದಳು. ಪಾಯಲಿ ಬೇಗ ತುಂಬಿತು, ಆದರೆ ಅದರ ಬಾಯಿ ಅಗಲ, ಅದರ ಮೇಲೆ ನಿಂತ ಗುಡ್ಡವೂ ದೊಡ್ಡದು. ಕೊನೆಯ ಹಿಡಿ ಹಾಕಿದಾಗ ನಾಲ್ಕೈದು ಕಾಳು ಉರುಳಿ ನನ್ನ ಕಾಲ ಹತ್ತಿರ ಬಂದವು. ಅಷ್ಟೇ. ಎರಡೂ ಸರಿಸಮ. ಸುಮಿತ್ರಾ ತಾನೂ ಒಮ್ಮೆ ತನ್ನದನ್ನು ತುಂಬಿ ಅಕ್ಕನ ಪಾಯಲಿಗೆ ಹುಯ್ದು ನೋಡಿದಳು. ಮತ್ತೆ ಸರಿಸಮ. ಅವಳ ಗಂಡ ದಬ್ಬಣ ಎತ್ತಿಕೊಂಡ.

"ತಂಗಿ," ಎಂದಳು ನೀಲಮ್ಮ, "ನೀರು ಗುಡ್ಡ ಕಟ್ಟತದ ಏನ?"

ಎಲ್ಲರೂ ನಕ್ಕರು. ನಾನೂ ನಗುವಂತೆ ಮಾಡಿದೆ. ಬಸ್ಸಿನಲ್ಲಿ ಕೂತ ಮೇಲೆ ಪೂರ್ತಿ ಅರ್ಥವಾಯಿತು. ಎರಡು ವರ್ಷ ನಾವು ಪಾಯಲಿಯ ಅರ್ಧ ಸತ್ಯವನ್ನಷ್ಟೇ ಅಳೆದಿದ್ದೆವು. ಪ್ರಮಾಣ ಇರಲಿಲ್ಲ ಎಂಬುದು ಸುಳ್ಳು. ಇತ್ತು, ಬಾಯಿ ಎಷ್ಟು ಅಗಲವಾದರೆ ಗುಡ್ಡ ಎಷ್ಟು ಹೆಚ್ಚುತ್ತದೆ, ಅದಕ್ಕೆ ಡಬ್ಬಿಯ ಎತ್ತರ ಎಷ್ಟು ತಗ್ಗಬೇಕು ಎಂಬ ಲೆಕ್ಕವನ್ನೂ ಯಾರೋ ಹಾಕಿಟ್ಟಿದ್ದರು. ಖುಷಿಯಾಗಬೇಕಿತ್ತು. ನನಗೆ ಕಂಡದ್ದು ಮೇ ತಿಂಗಳು ಮಾತ್ರ. ಮೇಡಂಗೆ ಹೇಳಿದರೆ ಎಲ್ಲ ಮೊದಲಿನಿಂದ ಆಗಬೇಕು, ಪ್ರಬಂಧ ಅಷ್ಟರೊಳಗೆ ಮುಗಿಯುವ ಮಾತೇ ಇಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನೀಲಮ್ಮ ನಮ್ಮ ಪತ್ರಿಕೆ ಓದುವವಳಲ್ಲ.

ಎಂಟು ದಿನ ಬಾಯಿಗೆ ಬೀಗ ಹಾಕಿಕೊಂಡೆ. ಮೇಡಂ ಕೋಣೆಗೆ ಹೋಗುವುದು, ಅಧ್ಯಾಯದ ಕಾಗುಣಿತ ತಿದ್ದುವುದು, ಬರುವುದು. ಒಂಬತ್ತನೆಯ ದಿನ ಬೆಳಿಗ್ಗೆ ಅಮ್ಮ ರೊಟ್ಟಿ ಬಡಿಯುತ್ತಾ, "ಏನಾಗ್ಯಾದ ನಿನಗ? ವಾರ ಆಯ್ತು, ಅರ್ಧಾ ರೊಟ್ಟಿ ತಿಂದು ಏಳ್ತಿ" ಎಂದು ಕೇಳಿದಳು. ಹೇಳಿಬಿಟ್ಟೆ. ಅವಳು ಹಿಟ್ಟಿನ ಕೈ ತೊಳೆದುಕೊಂಡು ಬಂದು ಎದುರಿಗೆ ಕೂತಳು.

"ವಾರ್ಡಿನ್ಯಾಗ ನಾವು ತಪ್ಪ ಗುಳಗಿ ಕೊಟ್ರ ಏನ ಮಾಡ್ತಿದ್ವಿ ಗೊತ್ತದೇನ? ಆಗಿಂದಾಗ ಡಾಕ್ಟರಿಗಿ ಹೇಳ್ತಿದ್ವಿ. ಬೈಸ್ಕೋತಿದ್ವಿ. ಬೈಗಳಾ ಆಮ್ಯಾಲ ಮರೀತಾವ. ಮುಚ್ಚಿ ಇಟ್ರ ಪೇಷಂಟ್ ಸಾಯ್ತದ. ಏಳು, ಮೇಡಂ ಕಡಿ ಹೋಗು."

ಹೋದೆ. ಮೇಡಂ ಕಿಟಕಿಯ ಬಿಸಿಲಿಗೆ ಬೆನ್ನು ಹಾಕಿ ಓದುತ್ತಿದ್ದರು. ಹೇಗೆ ಶುರುಮಾಡಬೇಕೋ ತಿಳಿಯದೆ, "ಮೇಡಂ, ನೀರು ಗುಡ್ಡ ಕಟ್ಟೋದಿಲ್ಲ" ಎಂದೆ. ಅವರು ಕನ್ನಡಕ ತೆಗೆದು, "ಮೊದಲಿಂದ ಹೇಳು" ಎಂದರು. ಹೇಳಿದೆ. ಅವರು ಎದ್ದು ಅಡುಗೆಯ ಮೂಲೆಗೆ ಹೋಗಿ ಒಂದು ಉದ್ದ ಲೋಟ, ಒಂದು ಅಗಲ ಬಟ್ಟಲು, ತೊಗರಿಬೇಳೆಯ ಡಬ್ಬಿ ತಂದರು. ನೆಲಕ್ಕೆ ಚಾದರ ಹಾಸಿ ಕೂತು ಬೇಳೆ ಸುರಿದರು, ಮತ್ತೆ ನೀರು ಸುರಿದರು, ಒರೆಸಿದರು, ಮತ್ತೆ ಬೇಳೆ ಸುರಿದರು. ಅರ್ಧ ಗಂಟೆಯಾಗಿರಬೇಕು. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ. ಕೊನೆಗೆ ಅವರು ತಲೆಯೆತ್ತಿ ಜೋರಾಗಿ ನಕ್ಕುಬಿಟ್ಟರು.

"ಎಷ್ಟು ಚೆನ್ನಾಗಿದೆಯೇ ಇದು! ಎರಡು ವರ್ಷ ಈ ಜನರ ಮುಂದೆ ಕೂತು ನೀರು ಅಳೆದೆನಲ್ಲ ನಾನು. ಅವರು ಎಷ್ಟು ತಾಳ್ಮೆಯಿಂದ ಬಿಂದಿಗೆ ತಂದುಕೊಟ್ಟರು ನೋಡು." ಆಮೇಲೆ ನಗು ನಿಲ್ಲಿಸಿ, "ಇದು ಎಂದು ನಡೆದದ್ದು?" ಎಂದು ಕೇಳಿದರು.

"ಎಂಟು ದಿನ ಆಯ್ತು ಮೇಡಂ."

ಅವರ ಮುಖ ಬಿಗಿಯಿತು. ಅಷ್ಟು ಸಿಟ್ಟನ್ನು ನಾನು ಅವರಲ್ಲಿ ಆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. "ತಪ್ಪು ನನ್ನದು, ಶೀಲಾ. ಅದನ್ನ ಎಂಟು ದಿನ ನಿನ್ನ ಹತ್ರ ಇಟ್ಟುಕೊಳ್ಳೋಕೆ ನೀನು ಯಾರು?"

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಚಾದರದ ಮೇಲಿನ ಬೇಳೆಯನ್ನು ಒಟ್ಟುಮಾಡುತ್ತಾ ಯೋಚನೆಯಲ್ಲಿ ಮುಳುಗಿದ್ದವರು ಇದ್ದಕ್ಕಿದ್ದಂತೆ ಕೇಳಿದರು: "ಹಾಗಾದರೆ ಅಗಸೆ? ಅದು ಜಾರುತ್ತೆ, ಗುಡ್ಡ ನಿಲ್ಲಲ್ಲ. ಅದನ್ನ ಹೇಗೆ ಅಳೀತಾರೆ?" ನನಗೆ ಹೊಳೆದೇ ಇರಲಿಲ್ಲ. ತಮ್ಮ ಎರಡು ವರ್ಷದ ಕೆಲಸ ನೀರಿಗೆ ಹೋದ ಗಳಿಗೆಯಲ್ಲಿ ಈ ಹೆಂಗಸಿಗೆ ಅಗಸೆಯ ಚಿಂತೆ ಹತ್ತಿತ್ತು. ನಾನು ಅವರನ್ನು ಮನಸಾರೆ ಮೆಚ್ಚಿಕೊಂಡದ್ದು ಆಗಲೇ, ಕಣ್ಣು ಒರೆಸಿಕೊಳ್ಳುತ್ತಾ.

ಮರುದಿನ ಮೊದಲ ಬಸ್ಸಿಗೇ ಹೊರಟೆವು. ನೀಲಮ್ಮನ ಉತ್ತರ ಸಿದ್ಧವಿತ್ತು. "ಅಗಸಿ ನಿಲ್ಲಂಗಿಲ್ರಿ. ಅದಕ ಪಾಯಲಿ ತುಂಬಿದ ಮ್ಯಾಲ ಒಂದು ಬೊಗಸಿ ಬ್ಯಾರೆ ಹಾಕ್ತೇವ್ರಿ."

"ಯಾರ ಬೊಗಸೆ? ಒಬ್ಬೊಬ್ಬರದು ಒಂದೊಂದು ಥರ ಇರುತ್ತಲ್ಲ?"

"ತಗೊಳ್ಳವ್ರ ಬೊಗಸಿರಿ ಮೇಡಂ. ಕೊಡವ್ರ ಕೈಯಾಗ ಅದನ್ ಬಿಟ್ರ ಹ್ಯಾಂಗ?"

ಮೇಡಂ ಆ ಮಾತನ್ನು ಎರಡು ಸಲ ಹೇಳಿಸಿ ಬರೆದುಕೊಂಡರು. ಅವತ್ತಿನಿಂದ ಅವರು ನೀಲಮ್ಮನ ಶಿಷ್ಯೆಯಾದರು. ಗುಡ್ಡ ಕಟ್ಟುವುದು ನೋಡಿದಷ್ಟು ಸುಲಭವಲ್ಲ. ಗೇಣು ಎತ್ತರದಿಂದ ನಡುಮಧ್ಯಕ್ಕೆ ಸುರಿಯಬೇಕು, ತಟ್ಟಬಾರದು, ಒತ್ತಬಾರದು, ಪಾಯಲಿ ಅಲ್ಲಾಡಿಸಬಾರದು. ಮೇಡಂ ಸುರಿದ ಗುಡ್ಡ ಕುಸಿದು ಕುಸಿದು ಬೀಳುತ್ತಿತ್ತು. "ಕೈ ಯಾಕ ನಡಗಸ್ತೀರಿ? ಪರೀಕ್ಷಾ ಬರಿಲಿಕ್ಕ ಕುಂತೀರಿ ಏನ?" ಎಂದು ನೀಲಮ್ಮ ಗದರುತ್ತಿದ್ದಳು. ಓಣಿಯ ಹೆಂಗಸರೆಲ್ಲ ಸೇರಿ ಮಜಾ ನೋಡುತ್ತಿದ್ದರು. ನಾಲ್ಕನೆಯ ದಿನ ಮೇಡಂ ಕಟ್ಟಿದ ಗುಡ್ಡ ನಿಂತಾಗ ಎಲ್ಲರೂ ಚಪ್ಪಾಳೆ ಹೊಡೆದರು, ಮೇಡಂ ನಾಚಿ ಕೆಂಪಾದರು.

ಫೆಬ್ರುವರಿಯಿಂದ ಹಳೆಯ ಹಾದಿಯನ್ನೇ ಮತ್ತೆ ತುಳಿದೆವು. ಈ ಸಲ ಚೀಲದಲ್ಲಿ ಗಾಜಿನ ಜಾಡಿಯ ಬದಲು ತೊಗರಿ, ಜೋಳ, ಅಗಸೆ. ಭಾಲ್ಕಿಯಲ್ಲಿ ಪಾಯಲಿ ಮಾಡುವ ಕಮ್ಮಾರ ಮೋನಪ್ಪ ಸಿಕ್ಕ. "ಬಾಯಿ ಅಗಲಾತಂದ್ರ ಎತ್ತರ ಒಂದ್ ಬೆರಳ ಇಳಸ್ತೇವ್ರಿ. ಅಪ್ಪನ ಪಾಯಲಿ ಮುಂದಿಟ್ಟು ಜೋಳಾ ಸುರುವಿ ಬರೋಬರಿ ಮಾಡ್ತೇವಿ. ನೀರ ಯಾಕ ಹಾಕ್ತೀರ್ರಿ, ತುಕ್ಕ ಹಿಡೀತದಲ್ಲ!" ಎಂದ. ಕಮಲನಗರದ ಒಬ್ಬ ಅಂಗಡಿಕಾರ ಗುಡ್ಡಕ್ಕೆ ಮರಾಠಿಯಲ್ಲಿ ಶೀಗ ಎನ್ನುತ್ತಾರೆಂದು ಹೇಳಿ, "ಶೀಗ ಇಲ್ದ ಪಾಯಲಿ ಅಂದ್ರ ಬಾಸಿಂಗ ಇಲ್ದ ಮದಿಮಗ ನೋಡ್ರಿ" ಎಂದು ಚಹಾ ತರಿಸಿದ. ಏಪ್ರಿಲ್ ಬಿಸಿಲಿಗೆ ಬಸ್ಸಿನ ಸೀಟು ಸುಡುತ್ತಿತ್ತು. ಮೇಡಂ ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಕಾಳಿನ ಚೀಲವನ್ನು ಕಾಲಡಿ ಇಟ್ಟುಕೊಂಡು ಕೂರುತ್ತಿದ್ದರು. ಒಂದು ದಿನವೂ ಸಾಕಪ್ಪಾ ಎಂದವರಲ್ಲ.

ಇದರ ನಡುವೆಯೇ ಅವರು ಪತ್ರಿಕೆಗೆ ಒಂದು ಪತ್ರ ಬರೆದರು: ನನ್ನ ಲೇಖನದ ತೀರ್ಮಾನ ತಪ್ಪು, ಅಳೆದ ರೀತಿಯೇ ತಪ್ಪು, ಇದನ್ನು ತೋರಿಸಿಕೊಟ್ಟವರು ಸಂತಪುರದ ನೀಲಮ್ಮ. ನನ್ನ ಪ್ರಬಂಧ ಮುಗಿಯುವವರೆಗಾದರೂ ತಡೆಯಿರಿ ಎಂದು ನಾನು ಬೇಡಿಕೊಂಡೆ. "ಅಷ್ಟು ದಿನ ಇವರಿಗೆ ಅಳತೆ ಗೊತ್ತಿರಲಿಲ್ಲ ಅಂತ ಓದುವವರು ಓದುತ್ತಲೇ ಇರಲಾ?" ಎಂದು ಅವತ್ತೇ ಅಂಚೆಗೆ ಹಾಕಿದರು. ಪತ್ರ ಕೊನೆಯ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಯಿತು. ಯಾರೂ ಓದಿದಂತೆ ಕಾಣಲಿಲ್ಲ.

ಮೇ ಬಂತು. ನಾನು ಹೆದರಿದ ಹಾಗೆಯೇ ಆಯಿತು. ಪ್ರಬಂಧ ಅರ್ಧವೂ ಆಗಿರಲಿಲ್ಲ, ಮೇಡಂ ನಿವೃತ್ತರಾದರು. ವಿಭಾಗದವರು ನನ್ನನ್ನು ಬೇರೆ ಪ್ರಾಧ್ಯಾಪಕರಿಗೆ ಹಚ್ಚಿದರು. ಒಳ್ಳೆಯವರೇ, ಆದರೆ ಪಾಯಲಿ ಎಂದರೆ ಆಕಳಿಸುವವರು. ಮೇಡಂ ಮಾತ್ರ ಕೋಣೆ ಬಿಡಲಿಲ್ಲ. ನನ್ನ ಒಂದೊಂದು ಪುಟವನ್ನೂ ಮೊದಲಿನಂತೆಯೇ ಕೆಂಪು ಶಾಯಿಯಲ್ಲಿ ತಿದ್ದಿದರು. ಒಂದು ಪುಟ ಮಾತ್ರ ಅವರಿಗೆ ತೋರಿಸಲಿಲ್ಲ. ಅವರ ಲೇಖನವನ್ನು ಅಲ್ಲಗಳೆಯಬೇಕಾದ ಜಾಗದಲ್ಲಿ "ಹಿಂದಿನ ಕೆಲವು ಅಧ್ಯಯನಗಳು ಬೇರೆ ಅಭಿಪ್ರಾಯ ಹೊಂದಿವೆ" ಎಂದು ಬರೆದು ಮುಂದಕ್ಕೆ ಹೋಗಿದ್ದೆ. ಹೆಸರು ಹಾಕಲು ಕೈ ಬರಲಿಲ್ಲ.

ಮೌಖಿಕ ಪರೀಕ್ಷೆ ನಡೆದದ್ದು ಮರುವರ್ಷದ ಚಳಿಗಾಲದಲ್ಲಿ. ಯಾರು ಬೇಕಾದರೂ ಬಂದು ಕೂತು ಕೇಳಬಹುದಾದ ಪರೀಕ್ಷೆ ಅದು. ಹೊರಗಿನಿಂದ ಬಂದ ಪರೀಕ್ಷಕರು ಪ್ರಬಂಧ ಚೆನ್ನಾಗಿದೆ ಎಂದರು. ಆಮೇಲೆ ಒಂದು ಪುಟ ತೆರೆದು ಬೆರಳಿಟ್ಟರು.

"ಹಿಂದಿನ ಕೆಲವು ಅಧ್ಯಯನಗಳು ಅಂತ ಬರೆದಿದ್ದೀರಿ. ಯಾರವು? ನಾನು ಒಂದು ಲೇಖನ ಓದಿದ್ದೇನೆ, ಬಹಳ ಹಿರಿಯರದು. ಅದರ ಪ್ರಕಾರ ಇಲ್ಲಿ ಪ್ರಮಾಣವೇ ಇರಲಿಲ್ಲ. ಅದನ್ನು ನೀವು ಒಪ್ಪುವುದಿಲ್ಲವೇ?"

ಇಲ್ಲಿ ಎಡವಿದರೆ ಇಷ್ಟು ವರ್ಷದ್ದೆಲ್ಲ ಹೋಯಿತು. "ಅದು... ಅವರ ದೃಷ್ಟಿಕೋನ ಬೇರೆ ಸಾರ್" ಎಂದು ಗೊಣಗಿದೆ.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ವಸುಧಾ ಮೇಡಂ ಎದ್ದು ನಿಂತಿದ್ದರು. "ಕ್ಷಮಿಸಿ ಸಾರ್. ಕೆಲವು ಅಧ್ಯಯನ ಅಲ್ಲ, ಒಂದೇ. ಅದು ನನ್ನದು." ಸಭೆಯೆಲ್ಲ ಹಿಂದಕ್ಕೆ ತಿರುಗಿತು. ಅವರು ನನ್ನನ್ನೇ ನೋಡುತ್ತಿದ್ದರು. "ದೃಷ್ಟಿಕೋನ ಅಲ್ಲ ಶೀಲಾ. ತಪ್ಪು. ಎಲ್ಲಿ ತಪ್ಪು ಅಂತ ನನ್ನ ಹೆಸರು ಹಿಡಿದು ಹೇಳು."

"ವಸುಧಾ ಮೇಡಂ ಅವರು ಕಾಳಿನ ಅಳತೆಯನ್ನು ನೀರಿನಲ್ಲಿ ಅಳೆದರು. ಅದು ತಪ್ಪು" ಎಂದು ಶುರುಮಾಡಿದೆ. ಗುಡ್ಡದ ಮಾತು ಹೇಳಿದೆ, ಅಗಲ ಬಾಯಿಯ ಮಾತು ಹೇಳಿದೆ, ಅಗಸೆಯ ಬೊಗಸೆ ಯಾರದ್ದಾಗಿರಬೇಕು ಎಂಬುದನ್ನು ಹೇಳಿದೆ. ನಡುವೆ ಒಮ್ಮೆ ಹಿಂದಿನ ಸಾಲಿನ ಕಡೆ ಕಣ್ಣು ಹೋಯಿತು. ಮೇಡಂ ಮತ್ತೆ ಕೂತು, ಕನ್ನಡಕ ಏರಿಸಿ, ಮಡಿಲಲ್ಲಿ ಒಂದು ಹಾಳೆ ಇಟ್ಟುಕೊಂಡು ನಾನು ಹೇಳುವುದನ್ನು ಬರೆದುಕೊಳ್ಳುತ್ತಿದ್ದರು. ಅವರಿಗೆ ಬರೆದುಕೊಳ್ಳಲು ಅನುಕೂಲವಾಗಲಿ ಎಂದು ಸ್ವಲ್ಪ ನಿಧಾನವಾಗಿ ಹೇಳುತ್ತಾ ಹೋದೆ.